ಖಾಲಿ ಪುಟ ತೆಗಿಯೋಕೆ ಹೋಗಿ ಅಜ್ಜನ ಪುಸ್ತಕಾನೇ ಹೋಗ್ತಿತ್ತು

ಹಾಂ, ಟೇಬಲ್ ಮೇಲೆ ಕಾಣ್ತಿರೋದು ನಮ್ಮಜ್ಜನ ಅಡಿಕೆ ಲೆಕ್ಕದ ಪುಸ್ತಕ. ಸ್ಕ್ಯಾನ್ ಎಲ್ಲಾ ಮುಗ್ಸಿದೀನಿ, 212 ಪುಟ. ಅದ್ರಲ್ಲಿ ತುಂಬಾ ಖಾಲಿ ಇವೆ, ಅವನ್ನ ಬೇರೆ ಮಾಡೋಕೆ ಪೈಥಾನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರ್ದೆ, ಸ್ಕ್ರೀನಲ್ಲಿ ಓಡ್ತಿದ್ಯಲ್ಲ, ಅದೇ.

ನಿನ್ನೆ ರಾತ್ರಿ ಆಗಿದ್ದು ಹೇಳ್ಬೇಕು. ರನ್ ಕೊಟ್ಟೆ, ಕಣ್ಮುಚ್ಚಿ ತೆಗಿಯೋದ್ರಲ್ಲಿ ಮುಗೀತು, ನೋಡಿದ್ರೆ 212ಕ್ಕೆ 212 ಪುಟಾನೂ 'ಖಾಲಿ' ಫೋಲ್ಡರಲ್ಲಿ ಹೋಗಿ ಕೂತಿವೆ! ಎದೆ ಧಸಕ್ ಅಂತು. ಮೂವ್ ಅಂತ ಬರ್ದಿದ್ದಕ್ಕೆ ಉಳೀತು, ಡಿಲೀಟ್ ಅಂತ ಬರ್ದಿದ್ರೆ ಎಲ್ಲಾ ಮತ್ತೆ ಸ್ಕ್ಯಾನ್ ಮಾಡ್ಬೇಕಿತ್ತು. ಎರಡು ಗಂಟೆ ಹುಡುಕ್ದೆ. ಕಾರಣ ಏನು ಗೊತ್ತಾ, ಫೋಲ್ಡರಿಗೆ 'ಅಜ್ಜ' ಅಂತ ಕನ್ನಡದಲ್ಲಿ ಹೆಸರಿಟ್ಟಿದ್ದೆ. ವಿಂಡೋಸಲ್ಲಿ ಓಪನ್‌ಸಿವಿ ಅನ್ನೋ ಚಿತ್ರದ ಲೈಬ್ರರಿಯ, ಫೈಲ್ ತೆರೆಯೋ ಇಮ್‌ರೀಡ್‌ಗೆ ಆ ಹೆಸರು ಓದೋಕೆ ಬರಲ್ಲ. ಬರಲ್ಲ ಅಂದ್ರೆ ಎರರ್ ಕೊಟ್ಟು ನಿಲ್ಬೇಕು ತಾನೇ? ನಿಲ್ಲಲ್ಲ, ಸುಮ್ನೆ 'ನನ್' (None, ಅಂದ್ರೆ ಏನೂ ಸಿಗ್ಲಿಲ್ಲ) ಅಂತ ವಾಪಸ್ ಕೊಡತ್ತೆ, ಒಂದು ವಾರ್ನಿಂಗ್ ಸಾಲು ಬಂದಿತ್ತು, ನಾನು ನೋಡ್ಲಿಲ್ಲ. ನನ್ ಬಂದ್ರೆ ಖಾಲಿ ಅಂತ ನಾನೇ ಬರ್ದಿದ್ದೆ. ಫೈಲ್ ತೆರೀಲಿಲ್ಲ ಅನ್ನೋದೇ ಬೇರೆ, ಪುಟದಲ್ಲಿ ಏನೂ ಇಲ್ಲ ಅನ್ನೋದೇ ಬೇರೆ ಕಣ್ರೀ.

ಇಂಗ್ಲಿಷಲ್ಲಿ ಹೆಸರಿಡು ಅಂದ ನನ್ ಫ್ರೆಂಡು. ನಾನಿಡಲ್ಲ. ನಂಪೈ ಅನ್ನೋ ಅಂಕಿಗಳ ಲೈಬ್ರರಿಯ ಫ್ರಮ್‌ಫೈಲಲ್ಲಿ ಬೈಟ್ಸ್ ಓದಿ, ಓಪನ್‌ಸಿವಿದೇ ಇಮ್‌ಡಿಕೋಡಿಗೆ ಕೊಟ್ರೆ ಕನ್ನಡ ಹೆಸರಿದ್ರೂ ತೆರ್ಕೊಳತ್ತೆ. ರಾತ್ರಿ ಓಪನ್‌ಸಿವಿನೇ ಬೇಡ ಅಂದಿದ್ದೆ, ಬೆಳಿಗ್ಗೆ ಅದನ್ನೇ ಇಟ್ಕೊಂಡೆ. ಇನ್ನೊಂದು, ಬರೀ 'ಇಫ್ ಇಮೇಜ್' ಅಂತ ಬರೀಬೇಡಿ, ಪೂರ್ತಿ ಅರ್ರೇ (ಪಿಕ್ಸೆಲ್ ಅಂಕಿಗಳ ಪಟ್ಟಿ) ಸತ್ಯನೋ ಸುಳ್ಳೋ ಹೇಳೋಕಾಗಲ್ಲ ಅಂತ ವ್ಯಾಲ್ಯೂ ಎರರ್ ಬರತ್ತೆ. 'ಈಸ್ ನನ್' ಅಂತಾನೇ ಕೇಳಿ. ಸಿ ಪ್ಲಸ್ ಪ್ಲಸ್ ಭಾಷೇಲಾದ್ರೆ ಇದನ್ನ ಕೇಳೋಕೆ ಎಂಪ್ಟಿ ಅಂತಾನೇ ಫಂಕ್ಷನ್ ಇದೆ.

ಈ ಪುಟ ನೋಡಿ, ಅಂಕಿ ಎಲ್ಲಾ ಕನ್ನಡದ್ದೇ, ಅಜ್ಜ ಬರ್ದಿದ್ರಲ್ಲಿ ೩ ಯಾವ್ದು ೬ ಯಾವ್ದು ಅಂತ ಅಮ್ಮಂಗೊಬ್ರಿಗೇ ಗೊತ್ತಾಗೋದು, ಅವ್ರು ಮಳೆಗಾಲದಲ್ಲಿ ಜಗಲೀಲಿ ಕೂತು... ಅಯ್ಯೋ ಶಾಟ್ ಮುಗೀತಿದೆ, ಬನ್ನಿ.

ತೆರೆದ್ಮೇಲೆ ನಿಜವಾಗ್ಲೂ ಖಾಲಿನಾ ಅಂತ ನೋಡೋದು. 300 ಡಿಪಿಐಲಿ (ಇಂಚಿಗೆ 300 ಚುಕ್ಕೆ) ಎ4 ಅಂದ್ರೆ 2480 ಇಂಟು 3508, ಸುಮಾರು 87 ಲಕ್ಷ ಪಿಕ್ಸೆಲ್. ಪಿಲ್ಲೋ ಅನ್ನೋ ಇನ್ನೊಂದು ಚಿತ್ರದ ಲೈಬ್ರರೀಲಿ, ಖಾಲಿ ಅಲ್ಲದ ಜಾಗ ಎಲ್ಲಿದೆ ಅಂತ ಹೇಳೋ ಗೆಟ್‌ಬಿಬಾಕ್ಸ್ ಸಾಕು ಅಂದ್ಕೊಂಡಿದ್ದೆ, ಆಗಲ್ಲ. ಅದಕ್ಕೆ ಕಪ್ಪು, ಅಂದ್ರೆ ಸೊನ್ನೆ, ಅದೇ ಖಾಲಿ. ಬಿಳಿ ಪುಟಾನ ಇನ್ವರ್ಟ್ ಮಾಡಿ ಕೊಡ್ಬೇಕು, ಕೊಟ್ರೂ ಒಂದು ಧೂಳಿನ ಚುಕ್ಕೆ ಇದ್ರೆ ಖಾಲಿ ಅಲ್ಲ ಅನ್ನತ್ತೆ. ಹಳೇ ಕಾಗ್ದ ಹಳದಿ ಆಗಿರತ್ತೆ, ಹೊಲಿಗೆ ಹತ್ರ ನೆರಳು ಬಿದ್ದಿರತ್ತೆ. ಅದಕ್ಕೆ ಅಂಚು ಕತ್ರಿಸಿ ಸ್ಟ್ಯಾಂಡರ್ಡ್ ಡೀವಿಯೇಷನ್ ನೋಡಿದೆ, ಬಣ್ಣ ಎಷ್ಟು ಏರುಪೇರು ಇದೆ ಅಂತ, ತೀರಾ ಕಮ್ಮಿ ಇದ್ರೆ ಖಾಲಿ.

ಆ ಲೆಕ್ಕಾನೂ ಖಾಲಿ ಅಂದಿದ್ದ ಪುಟ ಇದು. ಝೂಮ್ ಮಾಡ್ತೀನಿ. ಮೂಲೇಲಿ ಪೆನ್ಸಿಲಲ್ಲಿ, ಮಾಸಿಹೋಗಿದೆ: 'ಗೌರಿ ಕರು ಹಾಕಿತು, ಹೆಣ್ಣು.' ಇಡೀ ಪುಟದಲ್ಲಿ ಇದೊಂದೇ ಸಾಲು.

ಈಗ ಮೂರು ಫೋಲ್ಡರ್ ಮಾಡಿದೀನಿ: ತೆರೀದೇ ಇದ್ದಿದ್ದು, ಖಾಲಿ, ಅನುಮಾನ. ಅನುಮಾನದ್ದು 19 ಇವೆ, ಅಮ್ಮನ್ನ ಕರೀತೀನಿ ಇರಿ, ಕನ್ನಡಕ ತರ್ಲಿ.