ನೀತಿಪಾಠ ಲ್ಯಾಬಿನಲ್ಲೇ ಆಗಲಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಬೆಂಗಳೂರಿನ ಕಾಲೇಜುಗಳಲ್ಲಿ ಸಾಫ್ಟ್‌ವೇರ್ ಡಿಸೈನ್ ಕಲಿಸುವವರು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀತಿಯನ್ನು ನಾವು ಬೇರೆಯೇ ಒಂದು ಪೇಪರ್ ಮಾಡಿ ಇಟ್ಟಿದ್ದೇವೆ. ಮಕ್ಕಳು ಹಿಂದಿನ ರಾತ್ರಿ ಓದಿ ಪಾಸಾಗುತ್ತಾರೆ. ಲ್ಯಾಬಿಗೆ ಬಂದು ಕೋಡ್ ಬರೆಯುವಾಗ ಅದರ ನೆನಪೂ ಇರುವುದಿಲ್ಲ. ತಪ್ಪು ಅವರದಲ್ಲ. ನೀತಿಯ ಪ್ರಶ್ನೆ ಏಳುವುದೇ ಡಿಸೈನ್ ಮಾಡುವ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ನಾವು ಅದನ್ನು ಕೇಳುತ್ತಿಲ್ಲ.

ಮುಖ ನೋಡಿ ಹಾಜರಿ ಹಾಕುವ ಪ್ರಾಜೆಕ್ಟ್ ನಿಮಗೆಲ್ಲ ಗೊತ್ತು. ಅದನ್ನು ಮಾಡದ ಫೈನಲ್ ಇಯರ್ ಬ್ಯಾಚ್ ಸಿಗುವುದೇ ಕಷ್ಟ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳುವುದೇನು? ಮುಖ ಗುರುತಿಸಲು ಬಳಸಿದ್ದು ಯಾವ ಮಾಡೆಲ್, ಆಕ್ಯುರಸಿ ಎಷ್ಟು, ಅಂದರೆ ನೂರಕ್ಕೆ ಎಷ್ಟು ಸಲ ಸರಿ. 95 ಪರ್ಸೆಂಟ್ ಅಂದರೆ ಖುಷಿಯಾಗಿ ಮಾರ್ಕ್ಸ್ ಕೊಡುತ್ತೇವೆ. ಆದರೆ 60 ಜನರ ಕ್ಲಾಸಿನಲ್ಲಿ ಉಳಿದ 5 ಪರ್ಸೆಂಟ್ ಅಂದರೆ ಮೂರು ಜನ. ಯಾರು ಆ ಮೂವರು? ದಿನಾ ಬೇರೆ ಬೇರೆಯವರಾ, ಇಲ್ಲಾ ದಿನಾ ಅವರೇನಾ? ಅವರೇ ಆಗಿದ್ದರೆ, ಒಂದು ಕ್ಲಾಸೂ ತಪ್ಪಿಸದವರು ಹಾಜರಿ ಸಾಲದೆ ಪರೀಕ್ಷೆಗೆ ಕೂರದ ಹಾಗಾಗುತ್ತದೆ.

ಇದು ಬರೀ ಊಹೆಯಲ್ಲ. 2018ರಲ್ಲಿ ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ತಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ 0.8 ಪರ್ಸೆಂಟ್. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ 34.7 ಪರ್ಸೆಂಟ್‌ವರೆಗೂ ಹೋಯಿತು. ಎಲ್ಲರನ್ನೂ ಸೇರಿಸಿ ಒಂದೇ ಸರಾಸರಿ ತೆಗೆದಿದ್ದರೆ ಈ ಅಂತರ ಕಾಣುತ್ತಲೇ ಇರಲಿಲ್ಲ. ನಮ್ಮ ವೈವಾದಲ್ಲಿ ನಾವು ಕೇಳುವುದು ಆ ಸರಾಸರಿಯನ್ನೇ.

ಇನ್ನೊಂದು ಕೆಲಸ ಮಾಡಿ. ಅದೇ ಪ್ರಾಜೆಕ್ಟಿನ ಡೇಟಾಬೇಸ್ ತೆಗೆಸಿ ನೋಡಿ. ಹೆಸರು ಇರುತ್ತದೆ, ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಇರುತ್ತದೆ, ಫೋಟೊ ಇರುತ್ತದೆ. ಫೋಟೊ ಯಾವಾಗ ಅಳಿಸಬೇಕು ಎನ್ನುವುದಕ್ಕೆ ಒಂದು ಕಾಲಂ ಇದೆಯಾ? ಸಾಮಾನ್ಯವಾಗಿ ಇರುವುದಿಲ್ಲ. ಓದು ಮುಗಿಸಿ ಹೋದ ಹುಡುಗಿಯ ಮುಖ ಯಾರದೋ ಲ್ಯಾಪ್‌ಟಾಪಿನಲ್ಲಿ ಹಾಗೇ ಉಳಿದಿರುತ್ತದೆ. ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದರು. ಬೆಂಗಳೂರಿನಲ್ಲಿ ಕೋಡ್ ಕಲಿಯುವ ಪ್ರತಿಯೊಬ್ಬರಿಗೂ ಈ ಹೆಸರು ಗೊತ್ತಿರಬೇಕು ಎಂಬುದು ನನ್ನ ಆಸೆ.

ಎರರ್ ಮೆಸೇಜ್ ಬರೆಯುವುದನ್ನು ಕಲಿಸುವಾಗ ಥೆರಾಕ್-25 ಕಥೆ ಹೇಳಿ. ಅದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. ಹಳೆಯ ಮಾಡೆಲ್‌ನಲ್ಲಿ ಅಪಾಯ ತಡೆಯುವ ಯಾಂತ್ರಿಕ ಬೀಗಗಳಿದ್ದವು. ಹೊಸದರಲ್ಲಿ ಅವನ್ನು ತೆಗೆದು ಆ ಕೆಲಸವನ್ನು ಸಾಫ್ಟ್‌ವೇರಿಗೆ ವಹಿಸಿದರು. 1985ರಿಂದ 1987ರೊಳಗೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಟೆಕ್ಸಾಸಿನ ಆಸ್ಪತ್ರೆಯಲ್ಲಿ ಆಪರೇಟರ್ ಒಂದು ಅಕ್ಷರ ತಪ್ಪು ಒತ್ತಿ, ಬೇಗ ಬೇಗ ಸರಿಪಡಿಸಿದರು. ಆ ವೇಗಕ್ಕೆ ಪ್ರೋಗ್ರಾಂ ಹೊಂದಿಕೊಳ್ಳಲಿಲ್ಲ. ಪರದೆ ಮೇಲೆ ಬಂದದ್ದು ‘ಮಾಲ್‌ಫಂಕ್ಷನ್ 54’ ಅಂತ, ಅಷ್ಟೇ. ಹಾಗಂದರೇನು ಎಂದು ಅವರ ಕೈಪಿಡಿಯಲ್ಲಿ ಇರಲಿಲ್ಲ. ಇಂಥ ಮೆಸೇಜುಗಳು ದಿನಾ ಬರುತ್ತಿದ್ದವು. ಮುಂದುವರಿಸಲು ‘ಪಿ’ ಒತ್ತಿದರೆ ಸಾಕಿತ್ತು. ಅವರೂ ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ಮಿತಿಮೀರಿದ ವಿಕಿರಣದ ಇನ್ನೊಂದು ಏಟು ಬಿತ್ತು.

ಈ ಕಥೆ ಹೇಳಿ ಸುಮ್ನೆ ಬಿಡಬೇಡಿ. ಅದೇ ದಿನ ಮಕ್ಕಳ ಪ್ರಾಜೆಕ್ಟಿನ ಎರರ್ ಮೆಸೇಜುಗಳನ್ನು ಒಂದೊಂದಾಗಿ ಓದಿಸಿ. ಪಕ್ಕದ ಬೆಂಚಿನವರಿಗೆ ಅರ್ಥವಾಗದಿದ್ದರೆ ಮತ್ತೆ ಬರೆಸಿ.

ಇಷ್ಟಾದ ಮೇಲೆ ಯಾರಾದರೂ ವಿದ್ಯಾರ್ಥಿ ಕೇಳೇ ಕೇಳುತ್ತಾರೆ: ‘ಸರ್, ಇದೆಲ್ಲಾ ಸರಿ. ನಾಳೆ ಕಂಪನಿಯಲ್ಲಿ ಮ್ಯಾನೇಜರ್ ತಪ್ಪು ಡಿಸೈನನ್ನೇ ಮಾಡು ಅಂದ್ರೆ?’ ನ್ಯಾಯವಾದ ಪ್ರಶ್ನೆ. ಮನೆಯ ಸಾಲ, ತಂಗಿಯ ಫೀಸು ಹೆಗಲ ಮೇಲಿರುವ ಮಗುವಿಗೆ ‘ಕೆಲಸ ಬಿಡು’ ಅನ್ನುವುದು ಸುಲಭದ ಮಾತು. ನಾನು ಹಾಗೆ ಹೇಳುವುದಿಲ್ಲ. ಆದರೆ ‘ಹೇಳಿದ್ದು ಮಾಡಿದೆ’ ಎಂಬ ಉತ್ತರ ಯಾವಾಗಲೂ ಕಾಪಾಡುವುದಿಲ್ಲ ಎಂದೂ ಹೇಳಬೇಕು. ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ, ಹೊಗೆ ತಪಾಸಣೆ ನಡೆಯುವಾಗ ಮಾತ್ರ ಮಾಲಿನ್ಯ ಕಡಿಮೆ ತೋರಿಸುವ ಸಾಫ್ಟ್‌ವೇರ್ ಇದ್ದದ್ದು 2015ರಲ್ಲಿ ಬಯಲಾಯಿತು. ಅದರಲ್ಲಿ ಕೈಜೋಡಿಸಿದ್ದ ಒಬ್ಬ ಎಂಜಿನಿಯರಿಗೆ 2017ರಲ್ಲಿ ಅಮೆರಿಕದ ಕೋರ್ಟು 40 ತಿಂಗಳ ಜೈಲು ವಿಧಿಸಿತು.

ಕೆಲಸ ಬಿಡುವುದಕ್ಕೂ ತಲೆ ಬಗ್ಗಿಸುವುದಕ್ಕೂ ನಡುವೆ ಒಂದು ದಾರಿ ಇದೆ: ಬರೆದು ಹೇಳುವುದು. ಇದನ್ನು ಕ್ಲಾಸಿನಲ್ಲೇ ರೂಢಿ ಮಾಡಿಸಬಹುದು. ಮ್ಯಾನೇಜರಿಗೆ ಐದು ಸಾಲಿನ ಮೇಲ್ ಬರೆಯಿರಿ ಅನ್ನಿ. ಈ ಡಿಸೈನಿನಿಂದ ಯಾರಿಗೆ, ಹೇಗೆ ತೊಂದರೆ. ಇದರ ಬದಲು ಏನು ಮಾಡಬಹುದು. ಅದಕ್ಕೆ ಎಷ್ಟು ದಿನ ಜಾಸ್ತಿ ಬೇಕು. ಬೈಗುಳ ಬೇಡ, ಭಾಷಣವೂ ಬೇಡ. ಬದಲಿ ಡಿಸೈನ್ ಇಲ್ಲದ ಮೇಲ್ ಅನ್ನು ವಾಪಸ್ ಕೊಡಿ. ಕೋಡಿಗೆ ಕೊಟ್ಟಷ್ಟೇ ಮಾರ್ಕ್ಸ್ ಇದಕ್ಕೂ ಇರಲಿ, ಕಾಲೇಜಿನಲ್ಲೇ ಹಾಕುವ ಇಂಟರ್ನಲ್ಸ್ ಮಾರ್ಕ್ಸ್‌ನಲ್ಲೇ ಕೊಡಿ. ಅದಕ್ಕೆ ಸಿಲಬಸ್ ಬದಲಾಗಬೇಕಿಲ್ಲ, ಈ ಸೆಮಿಸ್ಟರಿನಲ್ಲೇ ಶುರು ಮಾಡಬಹುದು.