ಅದಿರನ್ನು ತಡೆಯುವ ಹಕ್ಕು

ಕೇಳುಗರೇ, ನಮಸ್ಕಾರ.

ಕಬ್ಬಿಣದ ಅದಿರಿನ ಧೂಳು ಅಂದರೇನು ಅಂತ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಭೀಮಸಮುದ್ರದ ಕಡೆಯವರಿಗೆ ನಾನು ಹೇಳಬೇಕಿಲ್ಲ. ಟಿಪ್ಪರ್ ಓಡಾಡುವ ರಸ್ತೆ ಪಕ್ಕದ ತೋಟದಲ್ಲಿ ಅಡಿಕೆ ಗರಿಯನ್ನೊಮ್ಮೆ ಸವರಿದರೆ ಅಂಗೈ ಕೆಂಪಾಗುತ್ತದೆ. ಹಿಂಗಾರದ ಮೇಲೂ ಅದೇ ಕೆಂಪು. ಒಣಹಾಕಿದ ಬಟ್ಟೆ, ಮುಚ್ಚದ ಕೊಡದ ನೀರು, ಯಾವುದನ್ನೂ ಅದು ಬಿಡುವುದಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ನಿಲ್ಲಿಸಿತು. ಗುಡ್ಡ ಕರಗಿದ ಮೇಲೆ ಬಂದ ಆದೇಶ, ನಿಜ. ಲಾರಿ ನಂಬಿದ್ದವರ ಮನೆಯ ಒಲೆಗೂ ಅದರ ಪೆಟ್ಟು ಬಿತ್ತು. ಆದರೂ ‘ಸಾಕು, ನಿಲ್ಲಿಸಿ’ ಅನ್ನುವ ಅಧಿಕಾರ ನಮ್ಮ ನೆಲದಲ್ಲೇ ಇತ್ತು. ದೇಶ ದೇಶಗಳು ಮಾಡಿಕೊಳ್ಳುವ ಈಗಿನ ವ್ಯಾಪಾರ ಒಪ್ಪಂದಗಳು ಕೈ ಹಾಕುತ್ತಿರುವುದು ಆ ಅಧಿಕಾರಕ್ಕೇ.

ಇಂಡೋನೇಷ್ಯಾ 2020ರಲ್ಲಿ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿತು. ಯೂರೋಪಿನ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2022ರಲ್ಲಿ ತೀರ್ಪು ಇಂಡೋನೇಷ್ಯಾದ ವಿರುದ್ಧ ಬಂತು, ಅದು ಮೇಲ್ಮನವಿ ಹಾಕಿದೆ. ಆ ನಿಷೇಧದಿಂದ ಅಲ್ಲಿನ ಕಾಡೇನೂ ಉಳಿಯಲಿಲ್ಲ, ಅದಿರು ಕರಗಿಸುವ ಕಾರ್ಖಾನೆಗಳು ಕಲ್ಲಿದ್ದಲು ಉರಿಸಿಕೊಂಡು ಅಲ್ಲೇ ಎದ್ದವು. ಆದರೆ ಸ್ವಂತ ಮಣ್ಣನ್ನು ಕೊಡುವುದಿಲ್ಲ ಅಂದ ದೇಶ ಹೊರಗಿನ ಪಂಚಾಯ್ತಿಯ ಮುಂದೆ ನಿಲ್ಲಬೇಕಾಯಿತಲ್ಲ! ಯೂರೋಪು ಚಿಲಿ ದೇಶದೊಂದಿಗೆ ಮಾಡಿಕೊಂಡ, 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಂತೂ ಇಂಧನ ಮತ್ತು ಕಚ್ಚಾವಸ್ತುಗಳಿಗೇ ಒಂದು ಅಧ್ಯಾಯವಿದೆ. ಇನ್ನು ಹೂಡಿಕೆದಾರರಿಗೆ ರಕ್ಷಣೆ ಕೊಡುವ ಒಪ್ಪಂದಗಳಿದ್ದರೆ, ಗಣಿ ನಿಲ್ಲಿಸಿದ ಸರ್ಕಾರದ ಮೇಲೆ ವಿದೇಶಿ ಕಂಪನಿ ನೇರವಾಗಿ ಪರಿಹಾರದ ದಾವೆ ಹೂಡಬಹುದು.

ನಾವು ಬರೀ ಮಾರುವವರಲ್ಲ, ಕೊಳ್ಳುವವರೂ ಹೌದು. 2024ರ ಜನವರಿಯಲ್ಲಿ ನಮ್ಮದೇ ಸರ್ಕಾರಿ ಕಂಪನಿ ಕಾಬಿಲ್, ಅರ್ಜೆಂಟೀನಾದ ಕಟಮಾರ್ಕದಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ 5 ಬ್ಲಾಕ್ ಜಾಗ ಪಡೆಯಿತು. ಸುಮಾರು 15,700 ಹೆಕ್ಟೇರ್. ಅಂಥ ಕಡೆ ನೆಲದಡಿಯ ಉಪ್ಪುನೀರನ್ನು ಎತ್ತಿ ಹೊಂಡಗಳಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಿಸಿ ಲಿಥಿಯಂ ತೆಗೆಯುತ್ತಾರೆ. ಅದೂ ಮಳೆ ಕಾಣದ ಬಯಲು. ಕುರಿ, ಲಾಮಾ ಸಾಕುವ ಅಲ್ಲಿನವರಿಗೆ ನೀರಿನದೇ ಚಿಂತೆ. ಸಾವಿರ ಅಡಿ ಬೋರ್‌ವೆಲ್ ಕೊರೆಸಿದರೂ ನೀರು ಕಾಣದ ನಮಗೆ ಆ ಚಿಂತೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಮಗೆ ಬೇಡವಾದದ್ದನ್ನು ಅವರ ಮೇಲೆ ಹೇರಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಲ್ಲೂ ಊರಿನವರ ಮಾತಿಗೆ ಜಾಗ ಕಡಿಮೆಯಾಗುತ್ತಿದೆ. ಕಾನೂನಿನ ಪಟ್ಟಿಯಲ್ಲಿರುವ, ಲಿಥಿಯಂ, ನಿಕ್ಕಲ್‌ನಂಥ ನಿರ್ಣಾಯಕ ಖನಿಜಗಳ ಗಣಿಗೆ ಸಾರ್ವಜನಿಕ ಅಹವಾಲು ಬೇಕಿಲ್ಲ ಎಂದು ಕೇಂದ್ರ ಪರಿಸರ ಸಚಿವಾಲಯ 2025ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಕಬ್ಬಿಣದ ಅದಿರು ಆ ಪಟ್ಟಿಯಲ್ಲಿ ಇಲ್ಲ, ಸದ್ಯಕ್ಕೆ. ಟೆಂಟ್ ಹಾಕಿ, ಮೈಕ್ ಇಟ್ಟು, ಜಿಲ್ಲಾಧಿಕಾರಿಗಳ ಎದುರು ರೈತ ಎದ್ದು ನಿಂತು ಮಾತಾಡುವ ಒಂದೇ ದಿನ ಆ ಅಹವಾಲಿನ ದಿನ.

ವ್ಯಾಪಾರ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ನಮ್ಮಲ್ಲಿ ಕಡ್ಡಾಯವಲ್ಲ, ಸಂಪುಟ ಒಪ್ಪಿದರೆ ಸಾಕು. ಹಾಗಾಗಿ ಸಂಸದರು ಊರಿಗೆ ಬಂದಾಗ ರಸ್ತೆ, ಕುಡಿಯುವ ನೀರಿನ ಜೊತೆ ಇದನ್ನೂ ಕೇಳಿ: ಸಹಿಗೆ ಮುಂಚೆ ಕರಡನ್ನು ಕನ್ನಡದಲ್ಲಿ ನಮ್ಮ ಗ್ರಾಮಸಭೆಗೆ ತರುತ್ತೀರಾ? ನೀರು, ಕಾಡು ಹಾಳಾದಾಗ ರಫ್ತು ನಿಲ್ಲಿಸುವ ಹಕ್ಕನ್ನು ಅದರಲ್ಲಿ ಬರೆಸುತ್ತೀರಾ?

ನಮಸ್ಕಾರ.