ಊದಬೇಡಿ, ಎಳೆಯಿರಿ

ಎಲ್ಲರಿಗೂ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್, ಆಪರೇಷನ್ನಿಗೆ ಮುಂಚೆಯೇ ಮೈಯನ್ನು ತಯಾರು ಮಾಡುವ ಬಗ್ಗೆ ಮಾತಾಡೋಕೆ ಬಂದಿದ್ದೇನೆ. ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಇದನ್ನು ಎತ್ತಿ ಹಿಡಿಯುತ್ತೇನೆ. ಮೂರು ಗೂಡು, ಮೂರು ಚೆಂಡು, ಒಂದು ಪೈಪು. ಹೆಸರು ಸ್ಪೈರೋಮೀಟರ್, ಆಳವಾಗಿ ಉಸಿರೆಳೆಯುವುದನ್ನು ಅಭ್ಯಾಸ ಮಾಡಿಸುವ ಡಬ್ಬಿ. ಆಪರೇಷನ್ ಆದವರ ಮನೆಯಲ್ಲಿ ಕೊನೆಗೆ ಇದು ಮೊಮ್ಮಕ್ಕಳ ಆಟದ ಸಾಮಾನಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಹೊಟ್ಟೆಯ ಆಪರೇಷನ್ ಆಗಿ ಎರಡು ದಿನವಾಗಿದ್ದ ಒಬ್ಬ ಅಜ್ಜಿಯ ಹತ್ತಿರ ಹೋದೆ. ಡಬ್ಬಿ ಕೈಯಲ್ಲೇ ಇತ್ತು. "ಊದಿ ಊದಿ ಸಾಕಾಯ್ತು ಕಣಮ್ಮ, ಚೆಂಡು ಏಳೋದೇ ಇಲ್ಲ" ಅಂದರು. ಏಳುವುದಾದರೂ ಹೇಗೆ? ಎಳನೀರನ್ನು ಸ್ಟ್ರಾದಲ್ಲಿ ಎಳೆದ ಹಾಗೆ ಗಾಳಿಯನ್ನು ಒಳಗೆ ಎಳೆಯಬೇಕು. ಅವರಿಗೆ ಅದನ್ನು ಯಾರೂ ತೋರಿಸಿರಲಿಲ್ಲ. ಆಪರೇಷನ್ನಿನ ಹಿಂದಿನ ಇಡೀ ದಿನ ಅವರು ವಾರ್ಡಿನಲ್ಲಿ ಸುಮ್ನೆ ಕೂತಿದ್ದರು. ನೋವು, ಮಂಪರು, ಮೂಗಿಗೆ ನಳಿಗೆ, ಇಷ್ಟೆಲ್ಲ ಆದ ಮೇಲೆ ಪಾಠ ಶುರು ಮಾಡಿದರೆ ಯಾರ ತಲೆಗೆ ಹೋಗುತ್ತದೆ?

ಉಸಿರಿಗೆ ಯಾಕಿಷ್ಟು ಮಹತ್ವ ಅಂದರೆ, ಅರಿವಳಿಕೆ ಕೊಟ್ಟು ಮಲಗಿಸಿದಾಗ ಶ್ವಾಸಕೋಶದ ಕೆಳಭಾಗ ಗಾಳಿ ಹೋಗದೆ ಮುದುಡಿಕೊಳ್ಳುತ್ತದೆ. ಎದ್ದ ಮೇಲೆ ಹೊಲಿಗೆ ನೋಯುತ್ತದೆ ಅಂತ ಅರ್ಧರ್ಧ ಉಸಿರು ತೆಗೆದುಕೊಳ್ಳುತ್ತೇವೆ, ಕೆಮ್ಮೋಕೂ ಭಯ. ಕಫ ಅಲ್ಲೇ ನಿಲ್ಲುತ್ತದೆ. ಆಮೇಲೆ ಜ್ವರ, ನ್ಯುಮೋನಿಯಾ.

2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನವನ್ನು ನಾನು ಎಲ್ಲ ಕಡೆ ಹೇಳುತ್ತಿರುತ್ತೇನೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಮೂರು ಆಸ್ಪತ್ರೆಗಳು. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್ನಿಗೆ ದಿನ ಗೊತ್ತಾಗಿದ್ದ 441 ಜನ. ಒಂದು ಗುಂಪಿಗೆ ಬರೀ ಪುಸ್ತಿಕೆ ಕೊಟ್ಟರು. ಇನ್ನೊಂದು ಗುಂಪಿನ ಜೊತೆ ಫಿಸಿಯೋ 30 ನಿಮಿಷ ಕೂತು ಮಾತಾಡಿ, ಉಸಿರಾಟ ಮಾಡಿಸಿ ತೋರಿಸಿದರು. ಆಪರೇಷನ್ ಆಗಿ ಎಚ್ಚರವಾದ ಕೂಡಲೇ ಶುರು, ಗಂಟೆಗೊಮ್ಮೆ ಹತ್ತು ಹತ್ತರಂತೆ ಎರಡು ಸಲ ದೀರ್ಘ ಉಸಿರು, ಆಮೇಲೆ ಕೆಮ್ಮು. ಅಷ್ಟೇ. ಪುಸ್ತಿಕೆಯವರಲ್ಲಿ ನೂರಕ್ಕೆ 27 ಜನರಿಗೆ ಶ್ವಾಸಕೋಶದ ತೊಂದರೆ ಬಂತು, ಕಲಿತವರಲ್ಲಿ 12 ಜನರಿಗೆ. ಒಂದು ಸಲದ ಅರ್ಧ ಗಂಟೆ! ಈ ಡಬ್ಬಿ ಇಲ್ಲದಿದ್ದರೂ ನಡೆಯುತ್ತದೆ, ಗೊತ್ತಿರಲಿ.

ಮಗಳ ಮದುವೆಗೆ ತಿಂಗಳುಗಟ್ಟಲೆ ಮುಂಚೆ ಛತ್ರ ನೋಡುತ್ತೇವೆ. ಆಪರೇಷನ್ನಿಗೆ ದಿನ ಸಿಕ್ಕಿದರೆ ದುಡ್ಡು ಹೊಂದಿಸುತ್ತೇವೆ, ದೇವರಿಗೆ ಹರಕೆ ಹೊರುತ್ತೇವೆ, ಮೈಯನ್ನು ಮಾತ್ರ ಹಾಗೇ ಕರೆದುಕೊಂಡು ಹೋಗುತ್ತೇವೆ. ಬೀಡಿ ಸಿಗರೇಟು ಇದ್ದರೆ ನಾಲ್ಕು ವಾರ ಮುಂಚೆಯಾದರೂ ಬಿಡಿ. ಹಿಂದಿನ ರಾತ್ರಿ ಬಿಟ್ಟೆ ಅನ್ನುವವರೂ ಇದ್ದಾರೆ.

ಮುಂಚೆಯೇ ಬಂದರೆ ನಾವು ಏನು ನೋಡುತ್ತೇವೆ? 30 ಮೀಟರ್ ಕಾರಿಡಾರಿನಲ್ಲಿ ಆರು ನಿಮಿಷ ನಡೆಸುತ್ತೇವೆ. ಎಷ್ಟು ದೂರ ನಡೆದಿರಿ, ಎಲ್ಲಿ ಏದುಸಿರು ಬಂತು ಅಂತ ಬರೆದುಕೊಳ್ಳುತ್ತೇವೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ಹೋಗಿ ತಿರುಗಿ ಬಂದು ಕೂರಿ ಅನ್ನುತ್ತೇವೆ. ಆಟ ಅನ್ನಿಸುತ್ತದೆ, ಅಲ್ವಾ? ಆದರೆ ಏಳುವಾಗ ಕೈ ಕುರ್ಚಿಯ ಹಿಡಿಗೆ ಹೋಗುತ್ತದಾ, ತಿರುಗುವಾಗ ಗೋಡೆ ಹುಡುಕುತ್ತದಾ ಅಂತ ನೋಡಿದರೆ ಆಪರೇಷನ್ ಮಾರನೇ ದಿನ ಎಷ್ಟು ಜನ ಪಕ್ಕದಲ್ಲಿ ನಿಲ್ಲಬೇಕು ಅಂತ ಗೊತ್ತಾಗಿಬಿಡುತ್ತದೆ.

ಮೊಣಕಾಲು ಬದಲಿಸಲು ಬಂದವರಿಗೆ ನನ್ನ ಮೊದಲ ಪ್ರಶ್ನೆ, ಮನೆಯ ಟಾಯ್ಲೆಟ್ ಎಂಥದ್ದು? ಕೆಲವರು ನಾಚಿಕೊಳ್ಳುತ್ತಾರೆ. ಕುಕ್ಕರಗಾಲಲ್ಲಿ ಕೂರುವ ಟಾಯ್ಲೆಟ್ ಆದರೆ ಮೇಲಿಡುವ ಕುರ್ಚಿಯನ್ನು ಮೊದಲೇ ತರಿಸಬೇಕು. ಮನೆಗೆ ಹೋದ ದಿನ ಸಂಜೆ ಅದನ್ನು ಹುಡುಕಿಕೊಂಡು ಅಂಗಡಿ ಅಲೆಯುವ ಮಕ್ಕಳನ್ನು ತುಂಬಾ ನೋಡಿದ್ದೇನೆ. ವಾಕರ್ ಹಿಡಿಯುವುದನ್ನೂ ಮುಂಚೆಯೇ ಕಲಿಸುತ್ತೇವೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮುಂಚೆಯೇ ವ್ಯಾಯಾಮ ಮಾಡಿದರೆ ಮಂಡಿ ಪವಾಡ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಮೊದಲ ಕೆಲವು ವಾರ ಸ್ವಲ್ಪ ಸಲೀಸಾಗಬಹುದು. ಭಯವಂತೂ ಕಡಿಮೆಯಾಗುತ್ತದೆ.

ಸಾಕು ಮಾತು, ಈಗ ಮಾಡಿ ನೋಡೋಣ. ಬೆನ್ನು ನೆಟ್ಟಗೆ. ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ನಿಧಾನವಾಗಿ ಎಳೆಯಿರಿ. ಒಂದು, ಎರಡು, ಮೂರು, ಹಾಗೇ ಹಿಡಿಯಿರಿ. ಈಗ ಬಿಡಿ. ಕಿಟಕಿ ಪಕ್ಕದ ಯಜಮಾನರೇ, ಭುಜ ಎತ್ತಬೇಡಿ, ಹೊಟ್ಟೆ ಉಬ್ಬಲಿ. ಹಾಂ, ಹಾಗೆ. ಇನ್ನು ಒಂಬತ್ತು.